ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್: ಮೂರು ವರ್ಷ ಬಳಸಿದ ಮೇಲೆ

ಈ ಗ್ರೈಂಡರ್ ತಗೊಂಡು ಮೂರು ವರ್ಷ ದಾಟಿತು. ಕೈಯಲ್ಲಿ ತಿರುಗಿಸುವಂಥದ್ದು, ಒಳಗೆ 38 ಮಿಲಿಮೀಟರ್‌ನ ಸ್ಟೀಲ್ ಬರ್, ಅಂದರೆ ಬೀಜ ಅರೆಯುವ ಭಾಗ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಪ್ರತಿ ಸಲ 18 ಗ್ರಾಂ ಬೀಜ. ಹೊಸದರಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಈಗ ಅದರ ಕಿರಿಕಿರಿಗಳೂ ಗೊತ್ತು.

ಇದಕ್ಕೂ ಮುಂಚೆ ಬ್ಲೇಡ್ ಇರುವ ಪುಟ್ಟ ಎಲೆಕ್ಟ್ರಿಕ್ ಗ್ರೈಂಡರ್ ಇತ್ತು. ಬೀಜ ಹೊಸದು, ಪುಡಿ ಆಗಷ್ಟೇ ಮಾಡಿದ್ದು, ಆದರೂ ಕಾಫಿ ಒಂದು ದಿನ ಕಹಿ, ಇನ್ನೊಂದು ದಿನ ಹುಳಿ. ಬೀಜದ್ದೇ ತಪ್ಪು ಅಂದುಕೊಂಡು ಎಷ್ಟೋ ಸಲ ಬದಲಾಯಿಸಿದೆ. ಕೊನೆಗೊಂದು ದಿನ ಪುಡಿಯನ್ನು ಬಿಳಿ ಹಾಳೆಯ ಮೇಲೆ ಹರಡಿ ನೋಡಿದೆ. ಕಾಲು ಬೀಜದಷ್ಟು ದೊಡ್ಡ ಚೂರುಗಳು, ಅವುಗಳ ನಡುವೆಯೇ ಬೆರಳಿಗೆ ಮೆತ್ತಿಕೊಳ್ಳುವ ಧೂಳು. ಧೂಳಿನಿಂದ ಸಾರವೆಲ್ಲ ಬೇಗ ಇಳಿದು, ಅದರ ಹಿಂದೆಯೇ ಕಹಿಯೂ ಇಳಿಯುತ್ತದೆ. ದಪ್ಪ ಚೂರಿನ ಒಳಕ್ಕೆ ನೀರು ಹೋಗುವಷ್ಟರಲ್ಲಿ ಸೋಸುವ ಹೊತ್ತು ಬಂದಿರುತ್ತದೆ, ಹುಳಿ ಬರುವುದು ಅಲ್ಲಿಂದ. ಎರಡೂ ಒಂದೇ ಲೋಟದಲ್ಲಿ!

ಬ್ಲೇಡ್ ಬೀಜವನ್ನು ಸಿಕ್ಕ ಹಾಗೆ ಕತ್ತರಿಸುತ್ತದೆ. ಬರ್ ಹಾಗಲ್ಲ, ಬೀಸುವ ಕಲ್ಲಿನ ಹಾಗೆ ಎರಡು ಮೈಗಳ ನಡುವೆ ಅರೆಯುತ್ತದೆ. ನಡುವಿನ ಸಂದು ಎಷ್ಟಿದೆಯೋ ಪುಡಿ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಆ ಸಂದನ್ನು ಕ್ಲಿಕ್ ಲೆಕ್ಕದಲ್ಲಿ ಬದಲಾಯಿಸಬಹುದು. ನನ್ನದರಲ್ಲಿ ಮೋಕಾ ಪಾಟ್‌ಗೆ (ಒಲೆಯ ಮೇಲಿಟ್ಟು ಕಾಫಿ ಇಳಿಸುವ ಪಾತ್ರೆ) 12, ಪೇಪರ್ ಫಿಲ್ಟರ್‌ಗೆ 20, ಫ್ರೆಂಚ್ ಪ್ರೆಸ್‌ಗೆ (ಪುಡಿ ನೆನೆಸಿ ಜಾಲರಿ ಒತ್ತಿ ಸೋಸುವ ಪಾತ್ರೆ) 27. ಈ ಅಂಕಿ ಬೇರೆ ಗ್ರೈಂಡರ್‌ಗೆ ಹೊಂದುವುದಿಲ್ಲ, ಕಣ್ಣಳತೆಯೇ ಸರಿ: ಫ್ರೆಂಚ್ ಪ್ರೆಸ್‌ಗೆ ಕಲ್ಲುಪ್ಪಿನ ಹಾಗೆ ತರಿತರಿ, ಮೋಕಾಗೆ ಪುಡಿ ಉಪ್ಪಿಗಿಂತ ಸ್ವಲ್ಪ ನುಣ್ಣಗೆ. ಕಹಿ ಜಾಸ್ತಿಯಾದರೆ ಎರಡು ಕ್ಲಿಕ್ ದಪ್ಪ ಮಾಡಿ, ಹುಳಿಯಾದರೆ ಎರಡು ಕ್ಲಿಕ್ ನುಣ್ಣಗೆ ಮಾಡಿ. ಬ್ಲೇಡಿನಲ್ಲಿ ಹೀಗೆ ಸರಿಪಡಿಸಲು ದಾರಿಯೇ ಇರಲಿಲ್ಲ.

ಇನ್ನು ತಾಜಾತನ. ಹುರಿದ ಬೀಜದೊಳಗೆ ಘಮವೂ ಕಾರ್ಬನ್ ಡೈಆಕ್ಸೈಡೂ ಸೇರಿಕೊಂಡಿರುತ್ತವೆ, ಪುಡಿ ಮಾಡಿದ ಕೂಡಲೇ ಹೊರಗೆ ಹೋಗಲು ಶುರು. ಒಮ್ಮೆ ಹಿಂದಿನ ರಾತ್ರಿಯೇ ಪುಡಿ ಮಾಡಿ ಡಬ್ಬಿಯಲ್ಲಿಟ್ಟಿದ್ದೆ. ಬೆಳಿಗ್ಗೆ ಅದೇ ಬೀಜ ಹೊಸದಾಗಿ ಪುಡಿ ಮಾಡಿ ಎರಡನ್ನೂ ಅಕ್ಕಪಕ್ಕ ಇಟ್ಟು ಬಿಸಿನೀರು ಹಾಕಿದೆ. ಹೊಸ ಪುಡಿ ಗುಮ್ಮಟದ ಹಾಗೆ ಉಬ್ಬಿ ಗುಳ್ಳೆ ಬಿಟ್ಟಿತು. ರಾತ್ರಿಯದು ಸುಮ್ನೆ ನೆನೆದು ಕೂತಿತು. ಅವತ್ತಿನಿಂದ ಮುಂಚೆಯೇ ಪುಡಿ ಮಾಡಿಡುವ ಅಭ್ಯಾಸ ಬಿಟ್ಟೆ.

ಈಗ ತೊಂದರೆಗಳು. ಕಮ್ಮಿ ಹುರಿದ ಬೀಜ ತುಂಬಾ ಗಟ್ಟಿ, ತಿರುಗಿಸುವಾಗ ಮಣಿಕಟ್ಟು ನೋಯುತ್ತದೆ. ಮಾಮೂಲಿ ಬೀಜವಾದರೆ ಒಂದು ನಿಮಿಷದ ಕೆಲಸ, ಇದಕ್ಕೆ ಎರಡು ನಿಮಿಷವೂ ಹಿಡಿದದ್ದುಂಟು. ನಾಲ್ಕು ಜನ ಬಂದರೆ ಮತ್ತೆ ಮತ್ತೆ ತುಂಬಿಸಬೇಕು. ಮನೆಯಲ್ಲಿ ದಿನಾ ಅಷ್ಟು ಜನಕ್ಕೆ ಕಾಫಿಯಾಗಬೇಕಿದ್ದರೆ ಕೈಯದ್ದು ಬೇಡ, ಬರ್ ಇರುವ ಎಲೆಕ್ಟ್ರಿಕ್ ತಗೊಳ್ಳಿ, ಆದರೆ ಒಳಗೆ ಹಳೇ ಪುಡಿ ಎಷ್ಟು ಉಳಿಯುತ್ತದೆ ಅಂತ ಮೊದಲು ಕೇಳಿ, ಯಾಕೆಂದರೆ ಆ ಹಳೇ ಪುಡಿ ಮರುದಿನದ ಕಾಫಿಗೆ ಸೇರುತ್ತದೆ. ಬಿಸಿನೀರನ್ನು ಒತ್ತಡದಲ್ಲಿ ಪುಡಿಯೊಳಗೆ ಹಾಯಿಸಿ ಮಾಡುವ ಎಸ್ಪ್ರೆಸ್ಸೋಗೂ ನನ್ನದು ಆಗಿಬರಲಿಲ್ಲ. ಒಂದು ಕ್ಲಿಕ್ ಆಚೆಗಿಟ್ಟರೆ ನೀರು ಸುರಿದುಹೋಗುತ್ತದೆ, ಈಚೆಗಿಟ್ಟರೆ ಕಟ್ಟಿಕೊಳ್ಳುತ್ತದೆ.

ಒಣ ಹವೆಯಲ್ಲಿ ಪುಡಿ ಡಬ್ಬಿಗೆ ಅಂಟಿಕೊಂಡು, ಮುಚ್ಚಳ ತೆಗೆದರೆ ಸುತ್ತಲೂ ಹಾರುತ್ತಿತ್ತು. ಇದು ಬೀಜ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು. ಚಮಚದ ಹಿಡಿಯನ್ನು ನೀರಿಗೆ ಅದ್ದಿ ಬೀಜವನ್ನು ಒಮ್ಮೆ ಕಲಕಿದರೆ ಸಾಕು, ಅಂಟುವುದು ಮುಕ್ಕಾಲು ಪಾಲು ನಿಲ್ಲುತ್ತದೆ. 2023ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ, ಜ್ವಾಲಾಮುಖಿಯ ಬೂದಿಯಲ್ಲಿ ಹುಟ್ಟುವ ವಿದ್ಯುತ್ತನ್ನು ಅಭ್ಯಾಸ ಮಾಡುವವರೂ ಆ ತಂಡದಲ್ಲಿದ್ದರು. ಸ್ವಲ್ಪ ನೀರಿನಿಂದ ವಿದ್ಯುತ್ತೂ ಉಂಡೆ ಕಟ್ಟುವುದೂ ಕಮ್ಮಿಯಾಗುತ್ತದೆ ಅಂತ ಅವರಿಗೂ ಕಂಡಿತು. ಒಂದು ತೊಟ್ಟು ಮಾತ್ರ, ತೋಯಿಸಬೇಡಿ.

ವಾರಕ್ಕೊಮ್ಮೆ ಬ್ರಷ್ ಆಡಿಸುತ್ತೇನೆ, ತಿಂಗಳಿಗೊಮ್ಮೆ ಪೂರ್ತಿ ಬಿಚ್ಚುತ್ತೇನೆ. ಬೀಜದ ಎಣ್ಣೆ ಕೂತರೆ ಕಮಟು ವಾಸನೆ ಬರುತ್ತದೆ. ಸ್ಟೀಲ್ ಬರ್ ಅನ್ನು ನೀರಿನಲ್ಲಿ ತೊಳೆಯಬೇಡಿ, ತುಕ್ಕು ಹಿಡಿಯಬಹುದು. ಬಿಚ್ಚುವಾಗ ಪ್ರತಿ ಭಾಗವನ್ನೂ ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ, ಒಂದು ವಾಷರ್ ಹಿಂದುಮುಂದಾಗಿ ನನ್ನ ಕ್ಲಿಕ್ ಲೆಕ್ಕವೆಲ್ಲ ತಪ್ಪಿಹೋಗಿತ್ತು.

ಮೂರು ವರ್ಷದಲ್ಲಿ ಬರ್ ಸವೆದ ಹಾಗೆ ಕಾಣುತ್ತಿಲ್ಲ. ಹಾಳಾದದ್ದು ಹೊರಗಿನ ರಬ್ಬರ್ ಪಟ್ಟಿ ಒಂದೇ, ಸಡಿಲವಾಗಿ ಜಾರುತ್ತಿತ್ತು. ಬಿಡಿಯಾಗಿ ಸಿಗುತ್ತದಾ ಅಂತ ಕಂಪನಿಗೆ ಬರೆದೆ, ಮಾರುವುದಿಲ್ಲ ಅಂದರು. ಇಷ್ಟು ಚಿಕ್ಕ ವಸ್ತು ಕೊಡದಿದ್ದರೆ ಹೇಗೆ? ಕೊಳ್ಳುವ ಮುಂಚೆ ಬಿಡಿಭಾಗ ಸಿಗುತ್ತದಾ ಅಂತ ಕೇಳಿಕೊಳ್ಳಿ. ಸದ್ಯಕ್ಕೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕಿದ್ದೇನೆ, ಹಿಡಿತ ಮೊದಲಿಗಿಂತ ಚೆನ್ನಾಗಿದೆ.