ಲಾಲ್‌ಬಾಗ್ ಫ್ಲವರ್ ಶೋ: ಗಾಜಿನ ಮನೆ ಆಮೇಲೆ, ಮೊದಲು ಮರಿಗೌಡ ಭವನಕ್ಕೆ ಹೋಗಿ

ಫ್ಲವರ್ ಶೋಗೆ ಹೋಗಿಬಂದ ಯಾರ ಮೊಬೈಲ್ ನೋಡಿದರೂ ಅದೇ ಫೋಟೊ. ಗಾಜಿನ ಮನೆಯ ನಡುವೆ ಹೂವಿನ ದೊಡ್ಡ ಕಲಾಕೃತಿ, ಮುಂದೆ ಮನೆಯವರೆಲ್ಲ, ಸುತ್ತ ಗುರುತಿಲ್ಲದ ಐವತ್ತು ತಲೆ. 2025ರ ಆಗಸ್ಟ್‌ನಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇದ್ದರು. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಅದೇ ಟಿಕೆಟ್‌ನಲ್ಲಿ ಇನ್ನೊಂದು ಇದೆ, ಅರ್ಧ ಜನ ಅದನ್ನು ನೋಡದೇ ವಾಪಸ್ ಬರುತ್ತಾರೆ. ತೋಟದ ಒಳಗೇ ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನ ಅಂತ ಒಂದು ಹಾಲ್ ಇದೆ. ಶೋ ಸಮಯದಲ್ಲಿ ಅಲ್ಲಿ ಇಕೆಬಾನ, ತರಕಾರಿ ಕೆತ್ತನೆ, ಪುಷ್ಪ ಭಾರತಿ, ಒಣ ಹೂವಿನ ಜೋಡಣೆ, ಥಾಯ್ ಆರ್ಟ್, ಜಾನೂರ್, ಬೋನ್ಸಾಯ್ (ಕುಂಡದಲ್ಲಿ ಸಾಕುವ ಕುಬ್ಜ ಮರ) ಇವೆಲ್ಲದರ ಸ್ಪರ್ಧೆ, ಆಮೇಲೆ ಪ್ರದರ್ಶನ. ಭಾಗವಹಿಸುವವರು ಸಾಮಾನ್ಯ ಜನ. ಆಸಕ್ತಿ ಇರುವ ಗೃಹಿಣಿಯರು, ಕಾಲೇಜು ಹುಡುಗರು, ರಿಟೈರ್ ಆದವರು, ಕ್ಲಾಸ್‌ಗೆ ಹೋಗಿ ಕಲಿತವರು, ಸುಮ್ನೆ ನೋಡಿ ನೋಡಿ ಕಲಿತವರು. ಗಾಜಿನ ಮನೆಯಲ್ಲಿ ಲಕ್ಷಗಟ್ಟಲೆ ಹೂವು ಇರುತ್ತದೆ. ಇಲ್ಲಿ ಒಂದು ಮೇಜಿನ ಮೇಲೆ ಮೂರು ಕಡ್ಡಿ, ಎರಡು ಎಲೆ, ಒಂದು ಹೂವು. ನನಗೆ ಎರಡನೆಯದೇ ಜಾಸ್ತಿ ಹಿಡಿಸಿತು.

ಇಕೆಬಾನ ಸಾಲಿನಿಂದಲೇ ಶುರು ಮಾಡಿ. ಜಪಾನಿನ ಕಲೆ, ಹೂವಿನಷ್ಟೇ ಖಾಲಿ ಜಾಗಕ್ಕೂ ಬೆಲೆ. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರು, ಮೂಲೆಯಲ್ಲಿ ಮುಳ್ಳು ಮುಳ್ಳಾಗಿರುವ ಭಾರದ ಲೋಹದ ಬಿಲ್ಲೆ. ಅದಕ್ಕೆ ಕೆನ್ಜಾನ್ ಅನ್ನುತ್ತಾರೆ. ದಂಟನ್ನು ಕತ್ತರಿಸಿ ಅದಕ್ಕೆ ಚುಚ್ಚಿದರೆ ಬೇಕಾದ ಕಡೆಗೆ ವಾಲಿಸಿ ನಿಲ್ಲಿಸಬಹುದು. ಬಗ್ಗಿ ನೋಡಿದರೆ ಎಲೆಗಳ ಮರೆಯಲ್ಲಿ ಕಾಣಿಸುತ್ತದೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ಜೋಡಣೆಯ ಮುಂದೆ: ಎಲೆ ಇಲ್ಲದ ಒಂದು ಸೊಟ್ಟ ಕೊಂಬೆ ಮೇಲಕ್ಕೆ, ಅದಕ್ಕೆ ಎದುರಾಗಿ ಕೆಳಕ್ಕೆ ಬಾಗಿದ ನುಗ್ಗೆಕಾಯಿ, ಬುಡದಲ್ಲಿ ಬಾಳೆಹೂವಿನ ಒಂದೇ ಒಂದು ಕೆಂಪು ದಳ ದೋಣಿಯ ಹಾಗೆ ಮಲಗಿತ್ತು. ಅಷ್ಟೇ. ಎಲ್ಲ ಮಾರ್ಕೆಟ್‌ನಲ್ಲಿ ದಿನಾ ನೋಡುವ ಸಾಮಾನೇ, ಆದರೆ ನುಗ್ಗೆಕಾಯಿಯ ಬಾಗು ಅಷ್ಟು ಚೆಂದ ಅಂತ ಸಾರಿಗೆ ಹೆಚ್ಚುವಾಗ ಯಾರು ಗಮನಿಸುತ್ತಾರೆ ಹೇಳಿ.

ತರಕಾರಿ ಕೆತ್ತನೆ ಹತ್ತಿರ ಮಕ್ಕಳ ಗುಂಪು. ಮೂಲಂಗಿ ಕೊಕ್ಕರೆ, ಬದನೆಕಾಯಿ ಪೆಂಗ್ವಿನ್, ಕುಂಬಳಕಾಯಿ ಗಣಪ, ಇವೆಲ್ಲ ಪ್ರತಿ ಸಲ ಇದ್ದದ್ದೇ, ನಗು ಬರುತ್ತದೆ, ಮುಂದೆ ಹೋಗುತ್ತೀರಿ. ಆದರೆ ಕಲ್ಲಂಗಡಿ ಕೆತ್ತಿದ್ದನ್ನು ಮಾತ್ರ ಹತ್ತಿರದಿಂದ ನೋಡಿ. ಬಣ್ಣ ಹಚ್ಚಿರುವುದಿಲ್ಲ. ಸಿಪ್ಪೆ ಹಸಿರು, ಸ್ವಲ್ಪ ಒಳಗೆ ಬಿಳಿ, ಇನ್ನೂ ಒಳಗೆ ಕೆಂಪು. ಚಾಕು ಎಷ್ಟು ಆಳಕ್ಕೆ ಹೋಗಿದೆ ಅನ್ನುವುದರ ಮೇಲೆ ದಳದ ಬಣ್ಣ. ಒಂದು ಕೂದಲೆಳೆ ಜಾಸ್ತಿ ಒತ್ತಿದರೆ ಬಿಳಿ ಅಂಚು ಹೋಗಿ ಕೆಂಪು ಬಂದುಬಿಡುತ್ತದೆ, ಮತ್ತೆ ಸರಿ ಮಾಡಲಾಗುವುದಿಲ್ಲ. ಕೆತ್ತಿದ ಹೆಂಗಸರೊಬ್ಬರು ಪಕ್ಕದಲ್ಲೇ ಸ್ಪ್ರೇ ಬಾಟಲಿ ಹಿಡಿದು ನಿಂತು ಆಗಾಗ ನೀರು ಹೊಡೆಯುತ್ತಿದ್ದರು, ಇಲ್ಲದಿದ್ದರೆ ಅಂಚು ಒಣಗಿ ಮುದುಡುತ್ತದಂತೆ. ಮಾತಾಡಿಸಿದರೆ ಖುಷಿಯಾಗಿ ಹೇಳುತ್ತಾರೆ. ಗಾಜಿನ ಮನೆಯ ದೊಡ್ಡ ಕಲಾಕೃತಿ ಹತ್ತಿರ ಯಾರನ್ನು ಮಾತಾಡಿಸುತ್ತೀರಿ?

ಜಾನೂರ್ ಅಂದರೆ ಇಂಡೋನೇಷ್ಯಾ ಕಡೆಯ ಎಳೆ ತೆಂಗಿನ ಗರಿಯ ಕೆಲಸ. ಹೆಸರು ಹೊಸದು, ಕೆಲಸ ನಮಗೆ ಹೊಸದಲ್ಲ. ಗರಿಯಲ್ಲಿ ಗಿಣಿ, ಪೀಪಿ ಮಾಡಿ ಬೆಳೆದವರಿಗೆ ಮಡಿಕೆಗಳು ಕೈಯಲ್ಲೇ ಇರುತ್ತವೆ. ಪುಷ್ಪ ಭಾರತಿ ನಮ್ಮ ಕಡೆಯ ಹೂವಿನ ಅಲಂಕಾರ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಳ್ಳೆ ಮದುವೆ ಮಂಟಪ ನೋಡಿದವರಿಗೆ ಅದು ದೊಡ್ಡ ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಒಣ ಹೂವಿನದು ನನಗೆ ಅಷ್ಟು ಹಿಡಿಸಲಿಲ್ಲ. ಒಣಗಿದ ಬೀಜ, ಕಾಯಿ, ತೊಗಟೆಗೆ ಅದರದೇ ಒಳ್ಳೆ ಬಣ್ಣ ಇರುವಾಗ ಅದರ ಮೇಲೆ ಬಂಗಾರದ ಸ್ಪ್ರೇ, ಮಿನುಗು ಯಾಕೆ? ಒಂದೆರಡು ಕಡೆ ಥರ್ಮೊಕೋಲ್ ಹಕ್ಕಿ ಕೂಡ ಕಂಡಿತು. ಪ್ರಕೃತಿಯ ಕಲೆ ಅಂದಮೇಲೆ ಅದು ಬೇಡ ಅಲ್ವಾ. ಮಾಡಿದವರಲ್ಲಿ ಇನ್ನೊಂದು ಕೋರಿಕೆ: ಯಾವ ಗಿಡ, ಎಲ್ಲಿ ಸಿಕ್ಕಿತು ಅಂತ ಎರಡು ಸಾಲು ಕನ್ನಡದಲ್ಲಿ ಬರೆದು ಪಕ್ಕಕ್ಕಿಡಿ.

ಗಾಜಿನ ಮನೆಗೆ ಹೋಗಲೇಬೇಡಿ ಅನ್ನುತ್ತಿಲ್ಲ. ಹೋದಾಗ ಹೂವಿನ ಜೊತೆ ತಲೆ ಎತ್ತಿ ಕಬ್ಬಿಣವನ್ನೂ ನೋಡಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ, ಜಾನ್ ಕ್ಯಾಮರನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಕಟ್ಟಿದ್ದು. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಆ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಸುಟ್ಟುಹೋಯಿತು, ನಮ್ಮದು ಇನ್ನೂ ನಿಂತಿದೆ. ತೋಟದಲ್ಲಿ ಬಿದ್ದ ಮರಗಳ ಬೊಡ್ಡೆಯಲ್ಲಿ ಕೆತ್ತಿದ ಶಿಲ್ಪಗಳೂ ಅಲ್ಲಲ್ಲಿ ಇವೆ. ಜನ ಅದರ ಮೇಲೆ ಬ್ಯಾಗ್ ಇಟ್ಟು ನೀರು ಕುಡಿಯುತ್ತಿರುತ್ತಾರೆ, ಸ್ವಲ್ಪ ತಾಳ್ಮೆಯಿಂದ ಕಾದರೆ ನೋಡಲು ಸಿಗುತ್ತದೆ.

ಸಿಟ್ಟು ಬಂದಿದ್ದು ನೋಡುಗರ ಮೇಲೆ. "ಮುಟ್ಟಬೇಡಿ" ಅಂತ ಬೋರ್ಡ್ ಕಣ್ಣೆದುರಿಗಿದ್ದರೂ ಎಲೆ ನಿಜವೋ ಪ್ಲಾಸ್ಟಿಕ್ಕೋ ಅಂತ ಉಗುರಿನಲ್ಲಿ ಗೀರಿ ನೋಡುವವರು ಒಬ್ಬಿಬ್ಬರಲ್ಲ. ಬೋನ್ಸಾಯ್ ಆಲದ ಮರದ ಬಿಳಲನ್ನು ಎಳೆದು ನೋಡಿದ ಮಹಾಶಯರೂ ಇದ್ದರು. ವರ್ಷಗಟ್ಟಲೆ ತಂತಿ ಸುತ್ತಿ, ಬಿಚ್ಚಿ, ಬೇರು ಕತ್ತರಿಸಿ ಸಾಕಿದ ಮರ ಸ್ವಾಮೀ ಅದು. ಮಕ್ಕಳನ್ನಾದರೂ ತಡೆಯಬಹುದು, ಇವರಿಗೆ ಯಾರು ಹೇಳುವುದು.

ಇನ್ನು ಹೋಗುವವರಿಗೆ ಒಂದಷ್ಟು ವಿಷಯ. ಶೋ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಕ್ಕೆ. 2025ರ ಆಗಸ್ಟ್‌ನಲ್ಲಿ ದೊಡ್ಡವರಿಗೆ ವಾರದ ದಿನ 80 ರೂಪಾಯಿ, ರಜಾದಿನ 100 ಇತ್ತು. ಗಾಜಿನ ಮನೆಯ ಹೂವನ್ನು ನಡುವೆ ಬದಲಿಸುತ್ತಾರೆ, ಹಾಗಾಗಿ ಅದು ಕೊನೆಯವರೆಗೂ ಇರುತ್ತದೆ. ಭವನದ ಕಲೆ ಹಾಗಲ್ಲ, ಕೆತ್ತಿದ ಕಲ್ಲಂಗಡಿ ಎಷ್ಟು ದಿನ ತಡೆದೀತು? ಕೆಲವೇ ದಿನ ಇರುತ್ತದೆ, ಸ್ಪರ್ಧೆಯ ದಿನಾಂಕ ಪೇಪರಿನಲ್ಲಿ ನೋಡಿಕೊಂಡು ಅದರ ಮಾರನೇ ದಿನವೇ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತುಬೀಳುತ್ತವೆ. ಗಾಡಿ ತರಬೇಡಿ, ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ಸ್ಟೇಷನ್ ಪಶ್ಚಿಮ ಗೇಟ್ ಹತ್ತಿರವೇ ಇದೆ. ವಯಸ್ಸಾದವರು ಜೊತೆಗಿದ್ದರೆ ಭಾನುವಾರ ಬೇಡವೇ ಬೇಡ. ಹೊರಗೆ ಉಪ್ಪು ಖಾರ ಹಾಕಿದ ಮಾವಿನಕಾಯಿ ಮಾರುತ್ತಾರೆ, ಅದನ್ನು ಒಳಗೆ ಹೋಗುವ ಮುಂಚೆಯೇ ತಿಂದು ಮುಗಿಸಿ, ಆ ಕೈಯಲ್ಲಿ ಬೋನ್ಸಾಯ್ ಹತ್ತಿರ ಬರಬೇಡಿ.