ಗೋಕರ್ಣದ ‘ಬಾಲಿ ಸಂಜೆ’: ಮೊದಲರ್ಧ ಬಿಡಿ, ಎರಡನೇ ಅರ್ಧಕ್ಕೆ ಹೋಗಿ

ಕುಡ್ಲೆ ಬೀಚ್ ಕಡೆಯ ಒಂದು ರೆಸಾರ್ಟಿನಲ್ಲಿ ‘ಬಾಲಿಯ ಪವಿತ್ರ ವಾದ್ಯ, ದೇವಸ್ಥಾನದ ಕುಣಿತ’ ಅಂತ ಕಾರ್ಯಕ್ರಮ ಮಾಡುತ್ತಿದ್ದಾರೆ. ಹೆಸರು ಬೇಡ. ತಲೆಗೆ 1200 ರೂಪಾಯಿ, ಊಟ ಸೇರಿ. ಹೊನ್ನಾವರದಿಂದ ಬಂದಿದ್ದ ನನ್ನ ಭಾವನನ್ನೂ ಎಳೆದುಕೊಂಡು ಹೋದೆ. ಅವರು ಮದ್ದಲೆ ಬಾರಿಸುವವರು, ಬಡಗುತಿಟ್ಟಿನ ಯಕ್ಷಗಾನ ಬಿಟ್ಟರೆ ಬೇರೆ ಯಾವುದಕ್ಕೂ ಸುಲಭಕ್ಕೆ ತಲೆ ಹಾಕುವವರಲ್ಲ.

ಮೊದಲ ಒಂದು ಗಂಟೆ ದಂಡ. ಎಲ್ಲರನ್ನೂ ಚಾಪೆ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಒಬ್ಬರು ಲೋಹದ ಬಟ್ಟಲುಗಳನ್ನು ಕೋಲಿನಿಂದ ತಿಕ್ಕುತ್ತಾ ಓಡಾಡಿದರು. ನಿದ್ದೆ ಚೆನ್ನಾಗಿ ಬಂತು, ಅದನ್ನು ಒಪ್ಪುತ್ತೇನೆ. ಆದರೆ ಆ ಬಟ್ಟಲು ನೇಪಾಳ, ಟಿಬೆಟ್ ಕಡೆಯದ್ದು, ಬಾಲಿಗೂ ಅದಕ್ಕೂ ಏನು ಸಂಬಂಧ? ಬಾಲಿಯ ಗಮೆಲಾನ್ ಅಂದರೆ ವಾದ್ಯಗಳ ಮೇಳ, ಒಬ್ಬರೇ ಕೂತು ನುಡಿಸುವ ವಾದ್ಯವೇ ಅಲ್ಲ. ದೊಡ್ಡ ಮೇಳ ಅಂದರೆ 25-30 ಜನ ಬೇಕು, ಕಂಚಿನ ಪಟ್ಟಿಗಳ ವಾದ್ಯ, ತೂಗುಹಾಕಿದ ದೊಡ್ಡ ಗಾಂಗ್, ತಾಳ, ಜೊತೆಗೆ ಗಂಡು ಹೆಣ್ಣು ಅಂತ ಕರೆಯುವ ಜೋಡಿ ಮದ್ದಳೆಯಂಥ ಕೆಂಡಾಂಗ್. ಎಷ್ಟೋ ಕಡೆ ವಾದ್ಯಗಳು ಕೇರಿಯ ಸಂಘದ ಸೊತ್ತು, ನುಡಿಸುವವರು ಆ ಕೇರಿಯವರೇ. 2021ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿದ್ದು ಇಂಥ ಗಮೆಲಾನ್. ಇದನ್ನೆಲ್ಲ ಒಬ್ಬ ಮನುಷ್ಯ, ಒಂದು ಬಟ್ಟಲು ಮಾಡಿ ತೋರಿಸಿದರೆ ಹೇಗೆ ಮಾರಾಯ್ರೆ!

ಎಂಟು ಗಂಟೆಗೆ ನಿಜವಾದ ಬಾಲಿಯವರು ಬಂದರು. ಇಬ್ಬರು ವಾದಕರು, ಒಬ್ಬ ನರ್ತಕಿ. ತಂದಿದ್ದು ಗೆಂಡೆರ್ ವಾಯಾಂಗ್ ಅನ್ನುವ ವಾದ್ಯದ ಒಂದು ಜೋಡಿ. ಇಬ್ಬರಿದ್ದರೂ ಸಾಕಾಗುವ ಗಮೆಲಾನ್ ಅಂದರೆ ಇದೇ, ಹಾಗಾಗಿ ಮೋಸ ಏನಿಲ್ಲ. ತೊಗಲುಬೊಂಬೆ ಆಟಕ್ಕೆ, ಅದರಲ್ಲೂ ಮಹಾಭಾರತದ ಕಥೆಗೆ, ಬಾಲಿಯಲ್ಲಿ ಹಿಮ್ಮೇಳ ಇದರದ್ದೇ. ಶವಸಂಸ್ಕಾರಕ್ಕೂ ಬೇಕು, ಹರೆಯದ ಮಕ್ಕಳ ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡುವ ಶಾಸ್ತ್ರಕ್ಕೂ ಬೇಕು.

ಒಂದೊಂದು ವಾದ್ಯಕ್ಕೂ ಹತ್ತು ಕಂಚಿನ ಪಟ್ಟಿ, ಪ್ರತಿ ಪಟ್ಟಿಯ ಕೆಳಗೆ ಒಂದು ಬಿದಿರ ಕೊಳವೆ, ಎರಡೂ ಕೈಯಲ್ಲಿ ಚಕ್ರದಂಥ ತುದಿಯ ಮರದ ಕೋಲು. ಹೊಡೆಯುವುದು ದೊಡ್ಡ ವಿಷಯ ಅಲ್ಲ, ಹೊಡೆದದ್ದನ್ನು ನಿಲ್ಲಿಸುವುದೇ ವಿದ್ಯೆ. ಕೋಲು ಮುಂದಿನ ಪಟ್ಟಿಗೆ ಬೀಳುವ ಹೊತ್ತಿಗೆ ಅದೇ ಕೈಯ ಅಂಗೈ ಅಂಚು ಹಿಂದಿನ ಪಟ್ಟಿಯನ್ನು ಮುಟ್ಟಿ ನಾದ ಕತ್ತರಿಸಬೇಕು, ಇಲ್ಲದಿದ್ದರೆ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಬಲಗೈ, ಎಡಗೈ ಎರಡೂ ಬೇರೆ ಬೇರೆ ದಾರಿಯಲ್ಲಿ ಹೋಗುತ್ತಾ ಈ ಕೆಲಸ ಮಾಡುತ್ತಿದ್ದವು. ಭಾವ ಕುರ್ಚಿ ಬಿಟ್ಟು ಮುಂದೆ ಹೋಗಿ ನೆಲದ ಮೇಲೆ ಕೂತರು. “ಬೆರಳು ನೋಡ್ಬೇಡ, ಮಣಿಕಟ್ಟು ನೋಡು” ಅಂದರು ನನಗೆ.

ವೇಗದ ಜಾಗದಲ್ಲಿ ಒಬ್ಬ ಬಿಟ್ಟ ಸಂದಿಗೆ ಇನ್ನೊಬ್ಬನ ಪೆಟ್ಟು ಬೀಳುತ್ತದೆ, ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಭತ್ತ ಕುಟ್ಟುವ ಹಾಗೆ. ಇನ್ನೊಂದು ಮಜಾ ಅಂದರೆ ಎರಡು ವಾದ್ಯಗಳ ಶ್ರುತಿಯನ್ನು ಬೇಕಂತಲೇ ಸ್ವಲ್ಪ ಹೆಚ್ಚುಕಮ್ಮಿ ಇಟ್ಟಿರುತ್ತಾರೆ. ಒಂದೇ ಸ್ವರವನ್ನು ಇಬ್ಬರೂ ಒಟ್ಟಿಗೆ ಹೊಡೆದಾಗ ನಾದ ಗವ್ ಗವ್ ಅಂತ ನಡುಗುತ್ತದೆ. ಹಿಂದೆ ಕೂತ ಯಾರೋ “ಶ್ರುತಿ ಸೇರಿಲ್ಲ” ಅಂತ ಗೊಣಗಿದರು. ಅದೇ ಅಲ್ವಾ ಅದರ ಜೀವ!

ಇಲ್ಲಿ ಸೌಂಡಿನವನಿಗೆ ಎರಡು ಮಾತು ಹೇಳಲೇಬೇಕು. ಅಷ್ಟು ಚಿಕ್ಕ ಅಂಗಳಕ್ಕೆ ಮೈಕ್ ಬೇಕಾಗಿರಲಿಲ್ಲ. ಇಟ್ಟಿದ್ದಲ್ಲದೆ ಎಕೋ ಬೇರೆ ಹಾಕಿದ್ದ. ಕಷ್ಟಪಟ್ಟು ಕತ್ತರಿಸಿದ ನಾದವನ್ನೆಲ್ಲ ಅವನ ಪೆಟ್ಟಿಗೆ ಮತ್ತೆ ಎಳೆದು ಎಳೆದು ಕೊಡುತ್ತಿತ್ತು. ಕರೆಂಟು ಹೋಗಿ ಜನರೇಟರ್ ಶುರುವಾಗುವ ತನಕದ ಸ್ವಲ್ಪ ಹೊತ್ತು ಕೇಳಿದ್ದೇ ಇಡೀ ಸಂಜೆಯಲ್ಲಿ ಸರಿಯಾಗಿ ಕೇಳಿದ್ದು.

ಕುಣಿತದ ವಿಷಯಕ್ಕೆ ಬಂದರೆ, ಬ್ಯಾನರಿನಲ್ಲಿ ‘ರೆಜಾಂಗ್’ ಅಂತ ಇತ್ತು. ಆದರೆ ಆ ನರ್ತಕಿಯೇ ಮೈಕ್ ಹಿಡಿದು ಅದನ್ನು ಇಲ್ಲಿ ಕುಣಿಯುವುದಿಲ್ಲ ಅಂದುಬಿಟ್ಟರು. ಸರಿಯಾಗಿಯೇ ಹೇಳಿದರು. ರೆಜಾಂಗ್ ಅಂದರೆ ಹೆಂಗಸರು, ಹುಡುಗಿಯರು ಸಾಲಾಗಿ ದೇವಸ್ಥಾನದ ಒಳಪ್ರಾಕಾರದಲ್ಲಿ ದೇವರ ಎದುರು ನಿಧಾನವಾಗಿ ಕುಣಿಯುವಂಥದ್ದು. ಪ್ರೇಕ್ಷಕರು ದೇವರು, ನಾವಲ್ಲ. 2015ರ ಯುನೆಸ್ಕೋ ಪಟ್ಟಿಯಲ್ಲಿ ಬಾಲಿಯ ಒಂಬತ್ತು ಕುಣಿತಗಳು ಮೂರು ಗುಂಪಾಗಿವೆ: ಪವಿತ್ರ, ಅರೆ ಪವಿತ್ರ, ಮನರಂಜನೆ. ರೆಜಾಂಗ್ ಮೊದಲನೆಯದರಲ್ಲಿದೆ. ಇಂಥವನ್ನು ಪೂಜೆಯಿಂದ ಹೊರಗೆ ತರಬಾರದು ಅಂತ 2019ರಲ್ಲಿ ಬಾಲಿಯ ಗವರ್ನರ್ ಆದೇಶಕ್ಕೆ ಸಹಿಯನ್ನೂ ಹಾಕಿದ್ದಾರೆ. ನಮ್ಮ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ಯಾವ ತಿಂಗಳು ಬೇಕಾದರೂ ಸ್ಟೇಜಿಗೆ ಹತ್ತಿಸುತ್ತೇವಲ್ಲ, ಅದರ ಬಗ್ಗೆ ವಾಪಸ್ ಬರುವಾಗ ಭಾವನ ಜೊತೆ ದೊಡ್ಡ ಜಗಳವೇ ಆಯಿತು, ಅದು ಬೇರೆ ಕಥೆ.

ಬದಲಿಗೆ ಅವರು ಕುಣಿದದ್ದು ಪನ್ಯೆಂಬ್ರಾಮಾ. ಅತಿಥಿಗಳಿಗೆ ದೇವಸ್ಥಾನದ ಕುಣಿತ ಬೇಡ ಅಂತ ಅಲ್ಲಿಯವರೇ ಬೇರೆ ಕಟ್ಟಿಕೊಂಡ ಸ್ವಾಗತದ ಕುಣಿತ ಇದು. ಅದಕ್ಕೆ ದೊಡ್ಡ ಮೇಳ ಬೇಕಲ್ಲ, ರೆಕಾರ್ಡ್ ಹಾಕಿದರು. ಬಟ್ಟಲಿನಿಂದ ಹೂವಿನ ಎಸಳು ಎರಚುವಾಗ ಕಣ್ಣು ಒಂದು ಕಡೆ, ಕುತ್ತಿಗೆ ಇನ್ನೊಂದು ಕಡೆ, ಬೆರಳು ಮಾತ್ರ ಬಿಡದೆ ನಡುಗುತ್ತಿದ್ದವು. ಚೆಂದವೇ, ಆದರೆ ಬೇಗ ಮುಗಿಯಿತು.

ಊಟ ಸಪ್ಪೆ. ಸಮುದ್ರದ ಪಕ್ಕದಲ್ಲೇ ಇದ್ದು ಪನೀರ್ ಹಾಕುತ್ತಾರೆ! ಬ್ಯಾನರ್ ಬದಲಾಯಿಸಲಿ, ಬಟ್ಟಲು ಬಿಡಲಿ, ಮೈಕ್ ತೆಗೆಯಲಿ. ಇಬ್ಬರು ವಾದಕರಿಗೆ ಐದಕ್ಕೆ ಐದು, ಉಳಿದದ್ದಕ್ಕೆ ಎರಡು. ಎರಡನೇ ಅರ್ಧಕ್ಕೆ ಮಾತ್ರ 600ರ ಟಿಕೆಟ್ ಇದೆ, ಆದರೆ ಕೌಂಟರಿನವರು ತಾವಾಗಿ ಹೇಳುವುದಿಲ್ಲ, ಕೇಳಿ ತೆಗೆದುಕೊಳ್ಳಿ.