ಲೈನ್ ಎಷ್ಟು ತುಂಬಿದೆ, ತುಂಬಿಸುತ್ತಿರುವುದು ಯಾರು? ನೆಟ್‌ವರ್ಕ್ ಗ್ರಾಫ್ ಸಾಫ್ಟ್‌ವೇರ್‌ಗಳ ವಿಮರ್ಶೆ

ಆಫೀಸಿನಲ್ಲೋ ಕಾಲೇಜಿನಲ್ಲೋ "ನೆಟ್ ಸ್ಲೋ" ಎಂಬ ದೂರು ಬಂದ ಕೂಡಲೇ ಚೆಂದದ ಗ್ರಾಫ್ ಬಿಡಿಸುವ ಸಾಫ್ಟ್‌ವೇರ್‌ಗಾಗಿ ಹುಡುಕಾಟ ಶುರುವಾಗುತ್ತದೆ. ಅದಕ್ಕೂ ಮೊದಲು ಪ್ರಶ್ನೆ ಯಾವುದು ಎಂಬುದು ತೀರ್ಮಾನವಾಗಬೇಕು. ಲೈನ್ ಎಷ್ಟು ತುಂಬಿದೆ ಎಂಬುದು ಒಂದು ಪ್ರಶ್ನೆ, ಯಾವ ಯಂತ್ರ ತುಂಬಿಸುತ್ತಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ರೂಟರ್, ಸ್ವಿಚ್‌ಗಳ ಪೋರ್ಟ್ ಕೌಂಟರ್‌ಗಳನ್ನು, ಅಂದರೆ ಪ್ರತಿ ಪೋರ್ಟಿನಲ್ಲಿ ಹಾದುಹೋದ ಬೈಟ್‌ಗಳ ಎಣಿಕೆಯನ್ನು, ಎಸ್‌ಎನ್‌ಎಂಪಿ (ಇಂಥ ಸಾಧನಗಳಿಂದ ಮಾಹಿತಿ ಕೇಳಿ ಪಡೆಯುವ ವಿಧಾನ) ಮೂಲಕ ಓದಿದರೆ ಸಾಕು. ಎರಡನೆಯದಕ್ಕೆ ಯಾವ ಐಪಿ ಯಾವುದರ ಜೊತೆ ಎಷ್ಟು ದತ್ತಾಂಶ ಸಾಗಿಸಿತು ಎಂದು ರೂಟರ್, ಸ್ವಿಚ್‌ಗಳೇ ಕಳಿಸುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ವಿವರ, ಇಲ್ಲವೇ ಟ್ರಾಫಿಕ್‌ನ ನಕಲು ಬೇಕು. ಎಸ್‌ಎನ್‌ಎಂಪಿ ಗ್ರಾಫ್‌ನ ಮುಂದೆ ಕೂತು "ಯಾರು?" ಎಂದು ಕೇಳಿದರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಆದರೂ ಉತ್ತರ ಕೊಡದು.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಒಂದು ಮೈಕ್ರೋಟಿಕ್ ರೂಟರ್, ಎರಡು ಫೈಬರ್ ಲೈನ್, 24 ಪೋರ್ಟಿನ ನಾಲ್ಕೈದು ಸ್ವಿಚ್ ಇರುವ ಜಾಗ. ಸ್ವಿಚ್‌ಗಳು ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಬದಲಿಸಿ ಮಾಹಿತಿ ಕೇಳಬಲ್ಲಂಥವು, ಆಗಿರಬೇಕು. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗೆ ಎಸ್‌ಎನ್‌ಎಂಪಿ ಗೊತ್ತೇ ಇರುವುದಿಲ್ಲ, ಅದರಾಚೆಗಿನದನ್ನು ಯಾವ ಸಾಫ್ಟ್‌ವೇರೂ ತೋರಿಸದು.

ಈ ವಿದ್ಯೆಯ ಹಿರಿಯಜ್ಜ ಎಂಆರ್‌ಟಿಜಿ. 1994ರಲ್ಲಿ ಟೋಬಿಯಾಸ್ ಓಟಿಕರ್ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ವಿಶ್ವವಿದ್ಯಾಲಯವೊಂದರ 64 ಕಿಲೋಬಿಟ್ ಲೈನ್ ಮೇಲೆ ಕಣ್ಣಿಡಲು ಇದನ್ನು ಬರೆದರು. ಒಂದೇ ಲೈನ್ ನೋಡಬೇಕಿದ್ದರೆ ಇವತ್ತಿಗೂ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅವರೇ ಆಮೇಲೆ ಬರೆದ, ಅಂಕಿಗಳನ್ನು ಕೂಡಿಟ್ಟು ಗ್ರಾಫ್ ಬಿಡಿಸುವ ಆರ್‌ಆರ್‌ಡಿಟೂಲ್, ಕ್ಯಾಕ್ಟಿ ಮತ್ತು ಲಿಬ್ರೆಎನ್‌ಎಂಎಸ್ ಎಂಬ ಸಾಫ್ಟ್‌ವೇರ್‌ಗಳ ಬೆನ್ನೆಲುಬು. ಅದರ ಫೈಲ್ ಗಾತ್ರ ಮೊದಲ ದಿನವೇ ನಿಗದಿಯಾಗುತ್ತದೆ, ವರ್ಷಗಳು ಕಳೆದರೂ ಬೆಳೆಯುವುದಿಲ್ಲ. ಇದು ದೊಡ್ಡ ಗುಣ. ಆದರೆ ಅದಕ್ಕೆ ತೆರುವ ಬೆಲೆ ಸರಾಸರಿ, ಮತ್ತು ಜನ ಎಡವುವುದೂ ಅಲ್ಲೇ.

ಐದು ನಿಮಿಷಕ್ಕೊಮ್ಮೆ ಕೌಂಟರ್ ಓದಿದರೆ ಸಿಗುವುದು ಆ 300 ಸೆಕೆಂಡುಗಳ ಸರಾಸರಿ ಮಾತ್ರ. 100 ಮೆಗಾಬಿಟ್ ಲೈನ್ 30 ಸೆಕೆಂಡು ಪೂರ್ತಿ ತುಂಬಿ, ಉಳಿದ ಹೊತ್ತು ಖಾಲಿ ಇದ್ದರೆ ಗ್ರಾಫ್ 10 ಮೆಗಾಬಿಟ್ ಎನ್ನುತ್ತದೆ. ಅತ್ತ ವಿಡಿಯೋ ಮೀಟಿಂಗ್ ಕಡಿದುಹೋಗಿರುತ್ತದೆ, ಇತ್ತ ಗ್ರಾಫ್ ಲೈನ್ ಖಾಲಿ ಎನ್ನುತ್ತಿರುತ್ತದೆ. ಹಳೆಯ ದತ್ತಾಂಶ ಇನ್ನಷ್ಟು ಚಪ್ಪಟೆಯಾಗುತ್ತದೆ. ಎಂಆರ್‌ಟಿಜಿ ಐದು ನಿಮಿಷದ ಅಂಕಿಗಳನ್ನು 600 ಮಾತ್ರ ಇಡುತ್ತದೆ, ಅಂದರೆ 50 ಗಂಟೆ. ಅದರಾಚೆ ಅರ್ಧ ಗಂಟೆಯ ಸರಾಸರಿ, ಆಮೇಲೆ ಎರಡು ಗಂಟೆಯದು, ಕೊನೆಗೆ ದಿನದ್ದು. ಹೋದ ತಿಂಗಳ ಗ್ರಾಫ್ ತೋರಿಸಿ "ಲೈನ್ ಸಾಕಷ್ಟಿದೆ" ಎಂದು ಯಾರಾದರೂ ಹೇಳಿದರೆ ಗರಿಷ್ಠದ ಗೆರೆಯನ್ನೂ ತೋರಿಸಲು ಹೇಳಿ. ಎಂಆರ್‌ಟಿಜಿಯಲ್ಲಿ ಅದಕ್ಕೆ ವಿತ್‌ಪೀಕ್ ಎಂಬ ಸೆಟ್ಟಿಂಗ್ ಇದೆ.

95ನೇ ಪರ್ಸೆಂಟೈಲ್ ಮೇಲೆ, ಅಂದರೆ ಅತಿ ಹೆಚ್ಚಿನ ಶೇ 5 ಅಂಕಿಗಳನ್ನು ಬಿಟ್ಟು ಉಳಿದವುಗಳಲ್ಲಿ ದೊಡ್ಡದರ ಮೇಲೆ, ಬಿಲ್ ಕಟ್ಟುವವರಿಗೆ ಇದು ದುಡ್ಡಿನ ಪ್ರಶ್ನೆ. 30 ದಿನದ ತಿಂಗಳಲ್ಲಿ ಐದು ನಿಮಿಷದ ಅಂಕಿಗಳು 8,640. ಮೇಲಿನ 432 ಅಂಕಿಗಳನ್ನು, ಅಂದರೆ 36 ಗಂಟೆಯ ಬಳಕೆಯನ್ನು, ಬಿಟ್ಟು ಬಿಲ್ ಹಾಕುತ್ತಾರೆ. ಚಪ್ಪಟೆಯಾದ ಸರಾಸರಿಯಿಂದ ಈ ಲೆಕ್ಕ ಮಾಡಿದರೆ ನಿಮ್ಮ ಅಂಕಿ ಸಾಮಾನ್ಯವಾಗಿ ಕಂಪನಿಯದಕ್ಕಿಂತ ಕಡಿಮೆ ಬಂದು, ಸುಮ್ಮನೆ ಜಗಳಕ್ಕೆ ದಾರಿಯಾಗುತ್ತದೆ. ಲಿಬ್ರೆಎನ್‌ಎಂಎಸ್‌ನ ಬಿಲ್ಲಿಂಗ್ ಭಾಗ ಈ ಅಂಕಿಗಳನ್ನು ಡೇಟಾಬೇಸ್‌ನಲ್ಲಿ ಬೇರೆಯಾಗಿ ಇಡುತ್ತದೆ. ಅದನ್ನು ಮೆಚ್ಚಲು ಇದೊಂದೇ ಕಾರಣ ಸಾಕು.

ಇಂಥ ಜಾಗಕ್ಕೆ ನಮ್ಮ ಮೊದಲ ಆಯ್ಕೆಯೂ ಲಿಬ್ರೆಎನ್‌ಎಂಎಸ್ಸೇ. ಉಚಿತ, ಮುಕ್ತ ತಂತ್ರಾಂಶ. ರೂಟರ್‌ನ ಐಪಿ ವಿಳಾಸ ಮತ್ತು ಎಸ್‌ಎನ್‌ಎಂಪಿ ಗುಟ್ಟುಪದ ಕೊಟ್ಟರೆ ಪೋರ್ಟ್‌ಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಕ್ಯಾಕ್ಟಿಯಲ್ಲಿ ಟೆಂಪ್ಲೇಟ್ ಆರಿಸಿ ಗ್ರಾಫ್‌ಗಳನ್ನು ಕೂರಿಸುವ ಕೆಲಸ ಹೆಚ್ಚು. ಗ್ರಾಫ್ ಹೀಗೇ ಕಾಣಬೇಕು ಎಂಬ ಹಟ ಇರುವವರಿಗೆ ಅದು ಸರಿ. ಇಪ್ಪತ್ತು ಮೂವತ್ತು ಸಾಧನಗಳಿಗೆ ಲಿಬ್ರೆಎನ್‌ಎಂಎಸ್‌ಗೆ ಎರಡು ಕೋರ್, 4 ಜಿಬಿ ರ‍್ಯಾಮ್ ಸಾಕು, ಆದರೆ ಡಿಸ್ಕ್ ಎಸ್‌ಎಸ್‌ಡಿ ಇರಲಿ. ಆರ್‌ಆರ್‌ಡಿ ಫೈಲ್‌ಗಳು ಸಾವಿರಾರು ಚಿಕ್ಕ ಚಿಕ್ಕ ಬರಹಗಳಿಂದ ಹಳೆಯ ಡಿಸ್ಕನ್ನು ಸುಸ್ತಾಗಿಸುತ್ತವೆ. ಆ ಬರಹಗಳನ್ನು ಕೂಡಿಹಾಕಿ ಒಮ್ಮೆಗೇ ಬರೆಯುವ ಆರ್‌ಆರ್‌ಡಿಕ್ಯಾಶ್ಡ್ ಹಾಕಿದರೆ ಆ ಹೊರೆ ಇಳಿಯುತ್ತದೆ. ಕೌಂಟರ್ ಓದುವುದು ಐದು ನಿಮಿಷಕ್ಕೊಮ್ಮೆಯೋ ಒಂದು ನಿಮಿಷಕ್ಕೊಮ್ಮೆಯೋ ಎಂಬುದನ್ನು ಮೊದಲ ದಿನವೇ ನಿರ್ಧರಿಸಿ. ಆಮೇಲೆ ಬದಲಿಸಲು ಹಳೆಯ ಫೈಲ್‌ಗಳನ್ನೆಲ್ಲ ಪರಿವರ್ತಿಸಬೇಕಾಗುತ್ತದೆ.

ಕೇಬಲ್ ಇಂಟರ್‌ನೆಟ್ ನಡೆಸುವವರಿಗೊಂದು ಎಚ್ಚರಿಕೆ. ಗ್ರಾಹಕರೊಬ್ಬರು ಡಯಲ್ ಮಾಡಿದಾಗಲೆಲ್ಲ ರೂಟರ್‌ನಲ್ಲಿ ಹೊಸ ಪಿಪಿಪಿಒಇ ಇಂಟರ್‌ಫೇಸ್ (ಆ ಗ್ರಾಹಕರ ಲಾಗಿನ್‌ಗೆಂದೇ ಹುಟ್ಟುವ ಕಾಲ್ಪನಿಕ ಪೋರ್ಟ್) ಹುಟ್ಟುತ್ತದೆ, ಲಿಬ್ರೆಎನ್‌ಎಂಎಸ್‌ನ ಪಟ್ಟಿ ನೂರಾರು ಸತ್ತ ಪೋರ್ಟ್‌ಗಳಿಂದ ತುಂಬಿಹೋಗುತ್ತದೆ. ಆ ಹೆಸರುಗಳನ್ನು ಕಡೆಗಣಿಸುವಂತೆ ಸೆಟ್ಟಿಂಗ್‌ನಲ್ಲಿ ಬರೆದುಬಿಡಿ. ಒಬ್ಬೊಬ್ಬ ಗ್ರಾಹಕರ ಬಳಕೆಯ ಲೆಕ್ಕಕ್ಕೆ ಲಾಗಿನ್ ಮತ್ತು ಬಳಕೆಯನ್ನು ದಾಖಲಿಸುವ ರೇಡಿಯಸ್ ಸರ್ವರ್ ಇದೆ, ಅದು ಗ್ರಾಫ್‌ನ ಕೆಲಸವಲ್ಲ.

ಯಾವ ಸಾಫ್ಟ್‌ವೇರ್ ಆರಿಸಿದರೂ ಕೌಂಟರ್ 64 ಬಿಟ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ 32 ಬಿಟ್ ಕೌಂಟರ್ ಸುಮಾರು 429 ಕೋಟಿ ಬೈಟ್ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 100 ಮೆಗಾಬಿಟ್ ವೇಗದಲ್ಲಿ ಅದಕ್ಕೆ 343 ಸೆಕೆಂಡು, ಗಿಗಾಬಿಟ್‌ನಲ್ಲಿ ಬರೀ 34. ಹಾಗಾಗಿ ಐದು ನಿಮಿಷದ ಓದಿನಲ್ಲಿ 114 ಮೆಗಾಬಿಟ್‌ಗಿಂತ ಹೆಚ್ಚಿನದು ಕಾಣುವುದೇ ಇಲ್ಲ. ತುಂಬಿದ ಗಿಗಾಬಿಟ್ ಲೈನ್‌ನ ಗ್ರಾಫ್ ಅರ್ಥವಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಎಸ್‌ಎನ್‌ಎಂಪಿ 1ನೇ ಆವೃತ್ತಿಯಲ್ಲಿ 64 ಬಿಟ್ ಕೌಂಟರ್ ಸಿಗುವುದಿಲ್ಲ, 2ಸಿ ಅಥವಾ 3 ಬೇಕು. ಎಸ್‌ಎನ್‌ಎಂಪಿವಾಕ್ ಎಂಬ ಕಮಾಂಡ್‌ನಿಂದ 1.3.6.1.2.1.31.1.1.1.6 ಎಂಬ ಕೌಂಟರ್ ವಿಳಾಸ ಕೇಳಿ ನೋಡಿ: ಪೋರ್ಟ್‌ಗೊಂದರಂತೆ ಅಂಕಿ ಬಂದರೆ ಒಳಬರುವ ಬೈಟ್‌ಗಳ 64 ಬಿಟ್ ಕೌಂಟರ್ ಇದೆ ಎಂದರ್ಥ. ಕೊನೆಯ 6ರ ಬದಲು 10 ಹಾಕಿದರೆ ಹೊರಹೋಗುವುದು. ಕೌಂಟರ್ ಎಣಿಸುವುದು ಬೈಟ್, ಲೈನ್ ಮಾರುವುದು ಬಿಟ್‌ನಲ್ಲಿ. ಎಂಟರಿಂದ ಗುಣಿಸುವುದನ್ನು ಮರೆಯಬೇಡಿ.

ಆಕಾಶಕ್ಕೇರಿದ ಒಂದೇ ಒಂದು ಗೆರೆ ಇಡೀ ಗ್ರಾಫನ್ನು ನೆಲಕ್ಕೆ ಒತ್ತಿಬಿಟ್ಟಿದ್ದರೆ ರೂಟರ್ ರೀಬೂಟ್ ಆಗಿದೆ ಎಂದು ಊಹಿಸಬಹುದು. ಕೌಂಟರ್ ಸೊನ್ನೆಯಾದದ್ದನ್ನು ಸಾಫ್ಟ್‌ವೇರ್ ಒಂದು ಸುತ್ತು ಮುಗಿಯಿತು ಎಂದು ತಿಳಿಯುತ್ತದೆ. ಪೋರ್ಟಿನ ವೇಗವನ್ನೇ ಗರಿಷ್ಠ ಮಿತಿಯಾಗಿ ಕೊಟ್ಟರೆ ಆ ಅಂಕಿ ತಾನಾಗಿ ಬಿದ್ದುಹೋಗುತ್ತದೆ. ರೀಬೂಟ್ ನಂತರ ಪೋರ್ಟ್‌ಗಳ ಗ್ರಾಫ್‌ಗಳೇ ಅದಲುಬದಲಾಗಿದ್ದರೆ ಇಂಟರ್‌ಫೇಸ್ ಸಂಖ್ಯೆಗಳು ಬದಲಾಗಿವೆ. ಸಿಸ್ಕೋ ಸಾಧನಗಳಲ್ಲಿ ಆ ಸಂಖ್ಯೆಗಳನ್ನು ಹಾಗೇ ಉಳಿಸುವ ಇಫ್‌ಇಂಡೆಕ್ಸ್ ಪರ್ಸಿಸ್ಟ್ ಸೆಟ್ಟಿಂಗ್ ಹಾಕಬೇಕು.

ಇನ್ನೊಂದು ಸಾಫ್ಟ್‌ವೇರ್ ಪಿಆರ್‌ಟಿಜಿ ವಿಂಡೋಸ್ ಮೇಲೆ ಸಲೀಸಾಗಿ ಕೂರುತ್ತದೆ, ಲಿನಕ್ಸ್ ಬಲ್ಲವರಿಲ್ಲದ ಕಡೆ ಒಳ್ಳೆಯದು. ಉಚಿತ ಆವೃತ್ತಿಗೆ 100 ಸೆನ್ಸರ್ ಮಿತಿ, ಒಂದು ಪೋರ್ಟಿನ ಟ್ರಾಫಿಕ್‌ಗೆ ಒಂದು ಸೆನ್ಸರ್. 24 ಪೋರ್ಟಿನ ನಾಲ್ಕು ಸ್ವಿಚ್‌ಗಳಲ್ಲೇ 96 ಖಾಲಿ. ಅಪ್‌ಲಿಂಕ್ ಮತ್ತು ಸರ್ವರ್ ಪೋರ್ಟ್‌ಗಳನ್ನಷ್ಟೇ ಆರಿಸಿಕೊಂಡರೆ ಸಾಲುತ್ತದೆ. ಮತ್ತೊಂದು ಸಾಫ್ಟ್‌ವೇರ್ ಝ್ಯಾಬಿಕ್ಸ್‌ನ ಬಲ ಎಚ್ಚರಿಕೆಗಳಲ್ಲಿದೆ; ಹಳೆಯ ಅಂಕಿಗಳನ್ನೂ ಗಂಟೆಗೊಂದರಂತೆ ಕನಿಷ್ಠ, ಸರಾಸರಿ, ಗರಿಷ್ಠ ಮೂರನ್ನೂ ಉಳಿಸುತ್ತದೆ. ಗ್ರಾಫ್ ಬಿಡಿಸುವ ಗ್ರಫಾನಾದ ಚೆಲುವಿಗೆ ಮರುಳಾಗಿ, ಅದಕ್ಕೆ ಅಂಕಿ ಒದಗಿಸುವ ಪ್ರೊಮಿಥಿಯಸ್ ಹಾಕಲು ಹೊರಟವರು ಗಮನಿಸಿ: ಅದು ಮೊದಲಿಗೆ 15 ದಿನದ ದತ್ತಾಂಶ ಮಾತ್ರ ಇಡುತ್ತದೆ, ವರ್ಷದ ಹೋಲಿಕೆ ಬೇಕಿದ್ದರೆ ಆ ಅವಧಿಯನ್ನು ನೀವೇ ಹೆಚ್ಚಿಸಬೇಕು. ಸರ್ವರ್‌ಗಳಿಗೆ ಅದು ಆಗಲೇ ಓಡುತ್ತಿದ್ದರೆ ಸ್ವಿಚ್‌ಗಳನ್ನೂ ಸೇರಿಸಿ. ಬರೀ ಸ್ವಿಚ್‌ಗಳಿಗಾಗಿ ಬೇಡ.

ಇನ್ನು "ಯಾರು?" ಎಂಬ ಪ್ರಶ್ನೆ. ಎನ್‌ಟಾಪ್‌ಎನ್‌ಜಿ ಯಾವ ಐಪಿ, ಯಾವ ಆ್ಯಪ್ ಎಂದು ಚೆನ್ನಾಗಿ ತೋರಿಸುತ್ತದೆ. ಆದರೆ ನೆಟ್‌ಫ್ಲೋ ತೆಗೆದುಕೊಳ್ಳಲು ಜೊತೆಗೆ ಎನ್‌ಪ್ರೋಬ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು, ಅದಕ್ಕೆ ದುಡ್ಡು. ಬೇರೆ ಪೋರ್ಟಿನ ಟ್ರಾಫಿಕ್‌ನ ನಕಲು ಕೊಡುವ ಸ್ವಿಚ್‌ನ ಮಿರರ್ ಪೋರ್ಟಿನಿಂದ ನೇರ ನೋಡುವುದಾದರೆ ಇನ್ನೊಂದು ತೊಡಕು: ಗಿಗಾಬಿಟ್ ಪೋರ್ಟಿನ ಎರಡೂ ದಿಕ್ಕು ಸೇರಿದರೆ ಎರಡು ಗಿಗಾಬಿಟ್, ಮಿರರ್ ಪೋರ್ಟಿನಲ್ಲಿ ಹಿಡಿಯುವುದು ಒಂದೇ. ಮಿಕ್ಕಿದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ. ಎನ್‌ಟಾಪ್‌ಎನ್‌ಜಿ ಮತ್ತು ಗ್ರಫಾನಾ ಎರಡೂ ಬ್ರೌಸರ್‌ನಲ್ಲಿ ತೆರೆಯಲು 3000 ಎಂಬ ಒಂದೇ ಪೋರ್ಟ್ ಸಂಖ್ಯೆಯನ್ನು ಹಿಡಿಯುತ್ತವೆ, ಒಂದೇ ಯಂತ್ರದಲ್ಲಿದ್ದರೆ ಒಂದನ್ನು ಬದಲಿಸಿ. ಖರ್ಚಿಲ್ಲದೆ ಆಗಬೇಕೆಂದರೆ ನೆಟ್‌ಫ್ಲೋ ವಿವರ ಕೂಡಿಟ್ಟು ಹುಡುಕಿಕೊಡುವ ಎನ್‌ಎಫ್‌ಡಂಪ್. ಚಿತ್ರವಿಲ್ಲ, ಕಮಾಂಡ್ ಮಾತ್ರ. ಆದರೆ ನಿನ್ನೆ ಸಂಜೆ 4ರಿಂದ 5ರವರೆಗೆ ಅತಿ ಹೆಚ್ಚು ಎಳೆದ ಹತ್ತು ಐಪಿ ಯಾವುವು ಎಂಬುದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ.

ಮೈಕ್ರೋಟಿಕ್‌ನಲ್ಲಿ ನೆಟ್‌ಫ್ಲೋ ಕಳಿಸುವ ಟ್ರಾಫಿಕ್ ಫ್ಲೋ ಚಾಲೂ ಮಾಡುವಾಗ ಆ್ಯಕ್ಟಿವ್ ಫ್ಲೋ ಟೈಮ್‌ಔಟ್, ಅಂದರೆ ಇನ್ನೂ ನಡೆಯುತ್ತಿರುವ ಸಂಪರ್ಕದ ಲೆಕ್ಕ ಕಳಿಸುವ ಅವಧಿ, 30 ನಿಮಿಷ ಎಂದಿರುತ್ತದೆ. ಹಾಗೇ ಬಿಟ್ಟರೆ ಉದ್ದನೆಯ ಡೌನ್‌ಲೋಡ್‌ನ ಲೆಕ್ಕವೆಲ್ಲ ಅರ್ಧ ಗಂಟೆಗೊಮ್ಮೆ ಒಟ್ಟಾಗಿ ಬಂದು, ಇಲ್ಲದ ಬೆಟ್ಟವೊಂದನ್ನು ಗ್ರಾಫ್‌ನಲ್ಲಿ ಎಬ್ಬಿಸುತ್ತದೆ. ಒಂದು ನಿಮಿಷಕ್ಕೆ ಇಳಿಸಿ. ರೂಟರ್ ಮತ್ತು ಸರ್ವರ್ ಎರಡರ ಗಡಿಯಾರವೂ ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ಎನ್‌ಟಿಪಿಯಿಂದ ಹೊಂದಿಕೆಯಾಗಿರಲಿ. ಎಸ್‌ಎನ್‌ಎಂಪಿಯ "ಪಬ್ಲಿಕ್" ಎಂಬ ಗುಟ್ಟುಪದವನ್ನು ಅವತ್ತೇ ಬದಲಿಸಿ, ಎಸ್‌ಎನ್‌ಎಂಪಿ ಬಳಸುವ ಯುಡಿಪಿ 161 ಎಂಬ ಪೋರ್ಟ್ ಸಂಖ್ಯೆ ಹೊರಗಿನಿಂದ ಮುಚ್ಚಿರಲಿ, ಮಾನಿಟರಿಂಗ್ ಸರ್ವರ್‌ನ ಐಪಿಗೆ ಮಾತ್ರ ತೆರೆದಿರಲಿ.